ಪುಣೆ ಹಾಸ್ಟೆಲ್, ಮೂವರ ಕೋಣೆ, ಆಟಿಸಂ: ಹೋಗುವ ಮುಂಚೆ ಏನೇನು ಮಾಡಿಟ್ಟುಕೊಳ್ಳಬೇಕು?

ಕಿಟಕಿಪಕ್ಕದವ:

ಪಿಯುಸಿ ಮುಗಿದಿದೆ. ಪುಣೆಯಲ್ಲಿ ಶಿವಾಜಿನಗರದ ಕಡೆಯ ಒಂದು ಕಾಲೇಜಿನಲ್ಲಿ ಬಿಎಸ್ಸಿಗೆ ಸೀಟು ಸಿಕ್ಕಿದೆ. ಮನೆ ಧಾರವಾಡ. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂವರು, ಬಚ್ಚಲು ಎಲ್ಲರಿಗೂ ಸೇರಿ, ಮೆಸ್ ಕಡ್ಡಾಯ. ನನಗೆ ಆಟಿಸಂ ಇದೆ, ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಯುಡಿಐಡಿ ಕಾರ್ಡೂ ಇದೆ.

ತೊಂದರೆ ಕೊಡುವುದು ಇವು: ಸ್ಟೀಲ್ ತಟ್ಟೆ ಬೀಳುವ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಅಂಟಂಟಾದ ಅನ್ನ, ಮೊದಲೇ ಹೇಳದೆ ಬದಲಾಗುವ ಸಮಯ. ಹಸಿವು ನನಗೆ ತಡವಾಗಿ ಗೊತ್ತಾಗುತ್ತದೆ. ಗದ್ದಲ ಮಿತಿ ಮೀರಿದರೆ ಮಾತು ಹೊರಡುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಸರಿಹೋಗುತ್ತದೆ.

ಹಾಸ್ಟೆಲ್ ಕಚೇರಿಗೆ ಏನು ಬರೆಯಬೇಕು, ಎಷ್ಟು ಬರೆಯಬೇಕು? ಸಾಮಾನಿನಲ್ಲಿ ಯಾವುದು ನಿಜಕ್ಕೂ ಉಪಯೋಗ? ಊಟಕ್ಕೆ ಏನು ದಾರಿ? ಜೊತೆಗಿರುವವರಿಗೆ ಹೇಳಬೇಕೇ?

"ಧೈರ್ಯವಾಗಿರು, ಅಭ್ಯಾಸ ಆಗುತ್ತೆ" ಎನ್ನುವ ಉತ್ತರ ಬೇಡ. ಅಳತೆ, ಹೆಸರು, ಕ್ರಮ ಹೇಳಿ.

ಕಾರಿಡಾರ್ ಕೊನೆ:

ಕಚೇರಿಯ ವಿಷಯ ಮೊದಲು, ಏಕೆಂದರೆ ಅದಕ್ಕೇ ಗಡುವು ಇರುವುದು. ಮಹಾರಾಷ್ಟ್ರದ ಹಾಸ್ಟೆಲುಗಳಲ್ಲಿ ವಾರ್ಡನ್ ಅನ್ನುವುದಕ್ಕಿಂತ ರೆಕ್ಟರ್ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಪತ್ರ ರೆಕ್ಟರ್ ಹೆಸರಿಗೆ ಬರೆಯಿರಿ, ಪ್ರತಿ ಪ್ರಾಂಶುಪಾಲರಿಗೆ, ಇನ್ನೊಂದು ಪ್ರತಿ ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ (ಈಕ್ವಲ್ ಆಪರ್ಚುನಿಟಿ ಸೆಲ್). ಅಂಥ ಕೋಶ ಇದೆಯೇ ಎಂದು ಕಾಲೇಜಿನ ಜಾಲತಾಣದಲ್ಲಿ ನೋಡಿ. ಅರ್ಜಿಗಳಲ್ಲಿ "ದಿವ್ಯಾಂಗ" ಎಂದಿರುವ ಕಾಲಮ್ಮೇ ನಿಮ್ಮದು.

ಕೋಣೆ ಹಂಚುವ ಪಟ್ಟಿ ಹೊರಬಿದ್ದ ಮೇಲೆ ಬರೆದ ಪತ್ರಕ್ಕೆ ಬೆಲೆ ಕಡಿಮೆ. ಒಬ್ಬನನ್ನು ಕದಲಿಸಬೇಕೆಂದರೆ ಇನ್ನಿಬ್ಬರನ್ನು ಒಪ್ಪಿಸಬೇಕು, ಆ ತಲೆನೋವು ಯಾರಿಗೂ ಬೇಡ. ಪ್ರವೇಶ ಶುಲ್ಕದ ರಸೀದಿ ಕೈಗೆ ಬಂದ ದಿನವೇ ಪತ್ರ ಹೋಗಲಿ. ಇ-ಮೇಲ್ ಕಳಿಸಿ, ಒಂದು ಮುದ್ರಿತ ಪ್ರತಿಯನ್ನು ಆವಕ (ಬಂದ ಪತ್ರ ಸ್ವೀಕರಿಸುವ) ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿಗೆ "ನೋಡೋಣ" ಎಂದವರು ಜುಲೈ ಹೊತ್ತಿಗೆ ಬೇರೆ ಕಡೆ ವರ್ಗವಾಗಿರಬಹುದು.

ಪತ್ರ ಒಂದೇ ಪುಟ. ರೋಗಲಕ್ಷಣಗಳ ಪುರಾಣ ಬೇಡ, ತಜ್ಞರ ಪೂರ್ತಿ ವರದಿಯೂ ಬೇಡ. ಹಾಸ್ಟೆಲ್ ಕಚೇರಿಯಲ್ಲಿ ಫೈಲು ಯಾರ ಕೈಗೆ ಬೇಕಾದರೂ ಸಿಗುತ್ತದೆ. ಯುಡಿಐಡಿ ಕಾರ್ಡಿನ ನಕಲು ಸಾಕು. ನಂತರ ನೇರವಾಗಿ ಬೇಡಿಕೆಗೆ ಬನ್ನಿ. "ನನಗೆ ಅನುಕೂಲ ಮಾಡಿಕೊಡಿ" ಎಂದರೆ ಏನೂ ಆಗುವುದಿಲ್ಲ, ಏಕೆಂದರೆ ಓದುವವರಿಗೆ ಏನು ಮಾಡಬೇಕೆಂದೇ ತಿಳಿಯದು. ಒಬ್ಬ ಗುಮಾಸ್ತ ಎದ್ದು ಹೋಗಿ ಮಾಡಿ ಮುಗಿಸಬಹುದಾದ ಕೆಲಸಗಳಾಗಿರಲಿ:

ಕಾರಿಡಾರಿನ ತುದಿಯ ಕೋಣೆ. ಬಚ್ಚಲು, ಮೆಟ್ಟಿಲು, ನೀರಿನ ಕೂಲರ್, ಟಿವಿ ಕೋಣೆ, ಜನರೇಟರ್, ನೀರಿನ ಪಂಪು ಇವುಗಳಿಂದ ದೂರ. ಅದರಲ್ಲಿ ಬಾಗಿಲಿನ ಪಕ್ಕದ್ದಲ್ಲದ, ಮೂಲೆಯ ಮಂಚ.
ಉಳಿದವರಿಗಿಂತ ಎರಡು ದಿನ ಮೊದಲು ಕೋಣೆಗೆ ಬರಲು ಅನುಮತಿ.
ಮೆಸ್ ಬಾಗಿಲು ತೆರೆಯುವುದಕ್ಕಿಂತ ಹದಿನೈದು ನಿಮಿಷ ಮೊದಲು ಊಟ, ಇಲ್ಲವೇ ಡಬ್ಬದಲ್ಲಿ ಕೋಣೆಗೆ ಒಯ್ಯಲು ಒಪ್ಪಿಗೆ.
ಬೆಂಕಿ ಎಚ್ಚರಿಕೆ ಗಂಟೆಯ ಅಭ್ಯಾಸ, ಕೀಟನಾಶಕ ಸಿಂಪಡಣೆ, ಸುಣ್ಣಬಣ್ಣ ಇದ್ದರೆ ಹಿಂದಿನ ದಿನ ಒಂದು ಮೆಸೇಜು.
ಫೋನಿನಲ್ಲಿ ಮಾತಾಡದೆ ಬರೆದು ತಿಳಿಸಲು ಒಬ್ಬ ಸಿಬ್ಬಂದಿಯ ವಾಟ್ಸಾಪ್ ಸಂಖ್ಯೆ.

ಐದು ಸಾಕು. ಹನ್ನೆರಡು ಕೇಳಿದರೆ ಅವರಿಗೆ ಸುಲಭವಾದ ಎರಡನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಮಹಡಿಯ ಬಗ್ಗೆ: ಕೊನೆಯ ಮಹಡಿ ಸದ್ದಿಲ್ಲದ್ದು ಅಂತ ಕೇಳಬೇಡಿ. ಪುಣೆಯ ಏಪ್ರಿಲ್, ಮೇ ಬಿಸಿಲಿಗೆ ತಾರಸಿ ಕಾದರೆ ನಡುರಾತ್ರಿಯವರೆಗೂ ಕೋಣೆ ಆರುವುದಿಲ್ಲ. ಮಳೆಗಾಲದಲ್ಲಿ ಸೋರುವುದೂ ಅಲ್ಲೇ. ಮೇಲಿನ ಟ್ಯಾಂಕಿಗೆ ನೀರು ಏರುವ ಸದ್ದು ಬೇರೆ. ನೆಲಮಹಡಿಯಲ್ಲಿ ಸೊಳ್ಳೆ, ಓಡಾಟ. ನಡುವಿನ ಮಹಡಿ ಕೇಳಿ. ಮೊದಲ ವರ್ಷದವರನ್ನು ಸಾಧ್ಯವಾದಷ್ಟು ಬೇರೆ ವಿಭಾಗದಲ್ಲೇ ಇರಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ವಿರೋಧಿ ನಿಯಮದಲ್ಲಿದೆ, ಹಾಗಾಗಿ ನಿಮ್ಮ ಆಯ್ಕೆ ಆ ವಿಭಾಗದ ಒಳಗಷ್ಟೇ ಇರುತ್ತದೆ. ಅದೇ ನಿಯಮದ ಪ್ರಕಾರ ನೀವೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಅದನ್ನು ಊರಲ್ಲೇ ತುಂಬಿಟ್ಟುಕೊಂಡರೆ ಮೊದಲ ದಿನ ಒಂದು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಸಹಾಯವಾಣಿ 1800-180-5522, ದಿನದ 24 ಗಂಟೆ.

ಕಾನೂನು ಎರಡೇ ಸಾಲು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು 16ನೇ ಕಲಮು ಹೇಳುತ್ತದೆ. ಬಹಳ ಜನ ತಪ್ಪು ತಿಳಿಯುವುದು ಇಲ್ಲಿ: ಸೀಟಿನ ಮೀಸಲಾತಿಗೆ ಕನಿಷ್ಠ ಶೇ 40 ಅಂಗವೈಕಲ್ಯ ಬೇಕು, ಮೂಲೆಯ ಮಂಚ ಕೇಳಲು ಶೇ 40 ಬೇಕಿಲ್ಲ. ಪತ್ರದ ಕೊನೆಯಲ್ಲಿ ಈ ಕಲಮನ್ನು ಒಮ್ಮೆ ನಮೂದಿಸಿ, ಮೊದಲ ಸಾಲಿನಲ್ಲಿ ಬೇಡ. ಮೊದಲ ಸಾಲಿನಲ್ಲೇ ಕಾನೂನು ಕಂಡರೆ ಪತ್ರ ರೆಕ್ಟರ್ ಮೇಜಿನಿಂದ ವಕೀಲರ ಮೇಜಿಗೆ ಹೋಗುತ್ತದೆ, ಅಷ್ಟರಲ್ಲಿ ಕೋಣೆ ಹಂಚಿ ಮುಗಿದಿರುತ್ತದೆ. ಕಾರ್ಡು ಕರ್ನಾಟಕದಲ್ಲಿ ಮಾಡಿಸಿದ್ದು ಎಂಬ ತಕರಾರು ಬಂದರೆ ಒಪ್ಪಬೇಡಿ, ಯುಡಿಐಡಿ ದೇಶಕ್ಕೆಲ್ಲ ಒಂದೇ.

ನಿಶ್ಶಬ್ದ:

ಸದ್ದು, ಬೆಳಕು, ಹಾಸಿಗೆ. ಇದರಲ್ಲಿ ದುಡ್ಡು ಪೋಲಾಗುವ ದಾರಿಗಳು ಬಹಳ.

ಮೊದಲನೆಯದು ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಅದು ಒಂದೇ ಸಮನೆ ಬರುವ ಕೆಳದನಿಯನ್ನು ಚೆನ್ನಾಗಿ ತಗ್ಗಿಸುತ್ತದೆ: ಫ್ಯಾನು, ಬಸ್ಸಿನ ಇಂಜಿನ್, ಜನರೇಟರ್. ತಟ್ಟೆ ಬೀಳುವುದು, ಬಾಗಿಲು ಬಡಿಯುವುದು, ಕುಕ್ಕರ್ ಸೀಟಿ ಇಂಥ ಹಠಾತ್ ಅಥವಾ ಕೀರಲು ಸದ್ದಿಗೆ ಅದರ ಜಾಣತನ ನಡೆಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವುದು ತಟ್ಟೆ. ಅದಕ್ಕೆ ಬೇಕಾದದ್ದು ಫೋಮಿನ ಇಯರ್‌ಪ್ಲಗ್, ಅಥವಾ ಕಾರ್ಖಾನೆಯಲ್ಲಿ ಹಾಕಿಕೊಳ್ಳುವ ಇಯರ್‌ಮಫ್. ಪೊಟ್ಟಣದ ಮೇಲೆ ಎನ್‌ಆರ್‌ಆರ್ ಎಂಬ ಅಂಕಿ, ಅಂದರೆ ಸದ್ದು ಎಷ್ಟು ಡೆಸಿಬಲ್ ತಗ್ಗುತ್ತದೆ ಎಂಬ ಅಳತೆ, ಇರುತ್ತದೆ, 29ರಿಂದ 33ರ ನಡುವಿನದು ತೆಗೆದುಕೊಳ್ಳಿ. ಅಷ್ಟೂ ಡೆಸಿಬಲ್ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ, ಸಾಮಾನ್ಯ ಬಳಕೆಯಲ್ಲಿ ಅರ್ಧದಷ್ಟು ಸಿಕ್ಕರೆ ದೊಡ್ಡದು.

ಆ ಅರ್ಧವೂ ಸಿಗದಿರಲು ಕಾರಣ ಹಾಕುವ ರೀತಿ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಊದಿನಕಡ್ಡಿಯಷ್ಟು ಸಪೂರ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಒಳಗಿನ ದಾರಿ ನೇರವಾಗುತ್ತದೆ. ತೂರಿಸಿ, ಅರಳುವವರೆಗೆ 30 ಸೆಕೆಂಡು ಬೆರಳಿಂದ ಒತ್ತಿ ಹಿಡಿಯಿರಿ. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ ಹೊರಗೆ ಚಾಚಿಕೊಂಡಿದ್ದರೆ ಸರಿಯಾಗಿ ಕೂತಿಲ್ಲ. ತೊಳೆದ ಫೋಮ್ ಮತ್ತೆ ಮೊದಲಿನಂತೆ ಅರಳುವುದಿಲ್ಲ, ಕೊಳೆಯಾದರೆ ಬಿಸಾಡಿ. ಪ್ಲಗ್ ಮೇಲೆ ಮಫ್ ಹಾಕಿದರೆ ಎರಡರ ಅಂಕಿ ಕೂಡುವುದಿಲ್ಲ, ಸುಮಾರು 5 ಡೆಸಿಬಲ್ ಹೆಚ್ಚಿಗೆ ಸಿಗುತ್ತದೆ ಅಷ್ಟೆ. ಮಫ್ ಹಾಕಿ ಮಗ್ಗುಲಾಗಿ ಮಲಗಲಾಗುವುದಿಲ್ಲ, ರಾತ್ರಿಗೆ ಪ್ಲಗ್ಗೇ ಗತಿ. ಬೆಳಗಿನ ಅಲಾರಂ ಕೇಳಿಸದು, ಮಣಿಕಟ್ಟಿನಲ್ಲಿ ನಡುಗುವ ವಾಚ್ ಬೇಕು. ಮತ್ತು ದಿನವಿಡೀ ಹಾಕಿಕೊಂಡೇ ಇರಬೇಡಿ. ಸದಾ ಮುಚ್ಚಿದ ಕಿವಿಗೆ ಸಣ್ಣ ಸದ್ದೂ ಚುಚ್ಚತೊಡಗುತ್ತದೆ. ಮೆಸ್ಸು, ಬಸ್ಸು, ನಿದ್ದೆ ಈ ಮೂರಕ್ಕೆ ಮೀಸಲಿಡಿ.

ಬೆಳಕು. ಹಳೆಯ ಚೋಕು-ಸ್ಟಾರ್ಟರ್ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ. ತುದಿಗಳು ಕಪ್ಪಾದ ಮೇಲೆ ಎಲ್ಲರ ಕಣ್ಣಿಗೂ ಕಾಣುವ ಹಾಗೆ ನಡುಗುತ್ತದೆ. ಎಲ್‌ಇಡಿ ಎಂದ ಮಾತ್ರಕ್ಕೆ ಪಾರಾದಿರಿ ಎಂದಲ್ಲ, ಒಳಗೆ ವಿದ್ಯುತ್ತು ಹದಮಾಡುವ ಡ್ರೈವರ್ ಅಗ್ಗದ್ದಾದರೆ ಅದೂ ಮಿಣುಕುತ್ತದೆ. ಪರೀಕ್ಷೆ ಸುಲಭ: ಫೋನಿನ ಸ್ಲೋ ಮೋಷನ್ ವಿಡಿಯೊ ಹಿಡಿಯಿರಿ, ಬೆಳಕು ಎದೆಬಡಿತದಂತೆ ಹೆಚ್ಚುಕಡಿಮೆ ಆದರೆ ಮಿಣುಕಿದೆ. ಆ ವಿಡಿಯೊವನ್ನೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. "ಕಣ್ಣಿಗೆ ಹಿಂಸೆ" ಎಂದರೆ ನಂಬದವರು ವಿಡಿಯೊ ನಂಬುತ್ತಾರೆ. ಬೆಡ್‌ಲ್ಯಾಂಪನ್ನು ಅಂಗಡಿಯಲ್ಲೇ ಇದೇ ರೀತಿ ಪರೀಕ್ಷಿಸಿ ಕೊಳ್ಳಿ, ಕಡಿಮೆ ಬೆಳಕಿನ ಮಟ್ಟದಲ್ಲೂ ಪರೀಕ್ಷಿಸಿ. ಬಹಳ ಲ್ಯಾಂಪುಗಳು ಪೂರ್ತಿ ಬೆಳಕಿನಲ್ಲಿ ನೆಟ್ಟಗಿದ್ದು ಮಂದ ಮಾಡಿದಾಗ ಮಿಣುಕುತ್ತವೆ. 2700ರಿಂದ 3000 ಕೆಲ್ವಿನ್ನಿನ ಹಳದಿ ಛಾಯೆ, ಮಂಚದ ಸರಳಿಗೆ ಸಿಕ್ಕಿಸುವ ಕ್ಲಿಪ್, ಪವರ್‌ಬ್ಯಾಂಕಿನಲ್ಲಿ ನಡೆಯುವಂಥದು.

ಹಾಸಿಗೆ. ಹಾಸ್ಟೆಲಿನ ಕಬ್ಬಿಣದ ಮಂಚ 6 ಅಡಿ ಉದ್ದ, ಅಗಲ 3 ಅಡಿ ಇರಬಹುದು, ಎರಡೂವರೆಯೂ ಇರಬಹುದು. ಅಳತೆ ಕೇಳದೆ ಗಾದಿ ಕೊಂಡರೆ ಆರಿಂಚು ಹೊರಗೆ ಜೋತಾಡುತ್ತದೆ. ಹೊಸ ಹೊದಿಕೆ ಒಯ್ಯಬೇಡಿ. ಒಯ್ಯಲೇಬೇಕಾದರೆ ಗಂಜಿ ಬಿಡುವ ತನಕ ಮೂರು ನಾಲ್ಕು ಸಲ ಮನೆಯ ಸೋಪಿನಲ್ಲೇ ಒಗೆಯಿರಿ, ಅದೇ ಸೋಪಿನ ಪುಡಿ ಒಂದು ಕಿಲೊ ಜೊತೆಗಿರಲಿ. ಭಾರದ ಹೊದಿಕೆ ಬೇಕೆನಿಸಿದರೆ ಸಾವಿರಾರು ರೂಪಾಯಿಯ ವೇಟೆಡ್ ಬ್ಲಾಂಕೆಟ್ಟಿಗೆ ಮುಂಚೆ ಮನೆಯ ಕೌದಿಯನ್ನು ಎರಡು ಮಡಿಕೆ ಮಾಡಿ ನೋಡಿ. ಮೈತೂಕದ ಹತ್ತರಲ್ಲೊಂದು ಭಾಗದ ಆಸುಪಾಸು ಭಾರ ಸಾಮಾನ್ಯ ಲೆಕ್ಕ. ಒಂದೇ ಎಚ್ಚರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೌದಿ ಒಗೆಯಬೇಡಿ. ಒಣಗುವುದಿಲ್ಲ, ಮುಗ್ಗುತ್ತದೆ, ಆ ವಾಸನೆ ಹೋಗುವುದಿಲ್ಲ.

ಕಿಟಕಿಪಕ್ಕದವ:

ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಫ್ಯಾನಿನ ಬಗ್ಗೆ ಕೇಳುವುದು ಮರೆತೆ. ಗೂಂ ಅನ್ನುವ ಸದ್ದು, ಟಕ್ ಟಕ್ ಅನ್ನುವ ಸದ್ದು ಎರಡೂ ಆಗುವುದಿಲ್ಲ. ಫ್ಯಾನು ಬದಲಿಸಿ ಅಂತ ಕೇಳಬಹುದೇ?

ನಿಶ್ಶಬ್ದ:

ಫ್ಯಾನು ಬದಲಿಸಿ ಎಂದರೆ ಮುಂದಿನ ವರ್ಷದ ಟೆಂಡರ್. ಎಲ್ಲಿ ದೋಷ ಎಂದು ಹೇಳಿದರೆ ಅರ್ಧ ಗಂಟೆಯ ಕೆಲಸ.

ಗೂಂ ಎನ್ನುವುದು ಬಹುಪಾಲು ರೆಗ್ಯುಲೇಟರಿನದು. ಮೆಲ್ಲನೆ ತಿರುಗುವ ಗುಂಡಿಯ ರೆಗ್ಯುಲೇಟರ್ ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಅದಕ್ಕೆ ಮೋಟಾರು ಗುಂಯ್ಗುಡುತ್ತದೆ. ಪೂರ್ತಿ ವೇಗಕ್ಕೆ ಇಟ್ಟಾಗ ಸದ್ದು ನಿಂತರೆ ತಪ್ಪು ರೆಗ್ಯುಲೇಟರಿನದೇ. ಒಂದೊಂದೇ ಮೆಟ್ಟಿಲಾಗಿ ಕ್ಲಿಕ್ ಎನ್ನುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ, ಅದರಲ್ಲಿ ಈ ಗೋಳಿಲ್ಲ. ಸುತ್ತಿಗೊಂದು ಟಕ್ ಬಂದರೆ ರೆಕ್ಕೆಯ ಸ್ಕ್ರೂ ಸಡಿಲ, ಅಥವಾ ಮೇಲಿನ ಬಟ್ಟಲು ಕೊಳವೆಗೆ ತಾಗುತ್ತಿದೆ. ಫ್ಯಾನು ನಿಧಾನವಾಗಿ ಏದುಸಿರು ಬಿಡುತ್ತಾ ಹೊರಟರೆ ಕೆಪಾಸಿಟರ್ ಸೋತಿದೆ, ಸಾಮಾನ್ಯ ಫ್ಯಾನಿಗೆ 2.5 ಮೈಕ್ರೋಫ್ಯಾರಡ್. ಮೂರೂ ಅಗ್ಗದ ಸಾಮಾನು. ದೂರು ಪುಸ್ತಕದಲ್ಲಿ "ಫ್ಯಾನು ಸರಿಯಿಲ್ಲ" ಎಂದು ಬರೆಯದೆ "ರೆಗ್ಯುಲೇಟರ್ ಬದಲಿಸಬೇಕು" ಎಂದು ಬರೆಯಿರಿ, ಆಗ ಬರುವವನು ಸಾಮಾನು ಹಿಡಿದುಕೊಂಡೇ ಬರುತ್ತಾನೆ. ನೀವೇ ಬಿಚ್ಚಲು ಹೋಗಬೇಡಿ.

ಕಡಕ್ ರೊಟ್ಟಿ:

ತಮ್ಮಾ, ಊಟದ್ದು ನಾ ಹೇಳತೇನಿ. ಪುಣೆ ಮೆಸ್ಸಿನಾಗ ಪೋಳಿ (ಚಪಾತಿ), ಭಾಜಿ (ಪಲ್ಯ), ವರಣ, ಭಾತ (ಅನ್ನ), ಉಸಳ (ಮೊಳಕಿ ಕಾಳಿನ ಪಲ್ಯ) ಇಷ್ಟರ ಮ್ಯಾಲೆ ವಾರ ತಿರಗತೈತಿ. ಇದರಾಗ ನಿನಗ ನಂಬಿಗಸ್ತ ಎರಡು: ಪೋಳಿ ಮತ್ತ ವರಣ. ವರಣ ಅಂದ್ರ ಅರಿಶಿಣ ಉಪ್ಪು ಹಾಕಿ ಕುದಿಸಿದ ತೊಗರಿಬ್ಯಾಳಿ, ಮಸಾಲಿ ಇರೂದಿಲ್ಲ, ದಿನಾ ಒಂದ ರುಚಿ. ಆಮಟಿ ಬ್ಯಾರೆ. ಅದರಾಗ ಗೋಡಾ ಮಸಾಲಿ, ಬೆಲ್ಲ ಬೀಳತೈತಿ. ನಮ್ಮ ಸಾರು ಅಂತ ತಿಳದು ಬಾಯಾಗ ಇಟ್ಟರ ಸಿಹಿ ಬಡೀತೈತಿ. ಬಡಸೋವ್ರಿಗೆ "ಫಕ್ತ ವರಣ", ಅಂದ್ರ ಬರೇ ವರಣ, ಅನ್ನು, ತಿಳೀತೈತಿ.

ಅನ್ನದ್ದು ಕೇಳು. ಕೋಲಮ್ ಅಕ್ಕಿ ಇದ್ದರ ಬಿಡಿಬಿಡಿ ಇರತೈತಿ. ಇಂದ್ರಾಯಣಿ ಅಂತ ಇಲ್ಲೀ ಮಾವಳ ಭಾಗದ ಅಕ್ಕಿ ಐತಿ, ಘಮ ಛಂದ, ಆದರ ಅಂಟ ಅಂದ್ರ ಅಂಟ. ಮೆಸ್ ನಡಸೋವ್ರಿಗೆ ಅಕ್ಕಿ ಯಾವುದು ಅಂತ ಮೊದಲ ಕೇಳು. ಇನ್ನ ಏಕಾದಶಿ, ಸಂಕಷ್ಟಿ ದಿನ ಸಾಬೂದಾಣಿ ಖಿಚಡಿ ಮಾಡತಾರ, ಅದೂ ಅಂಟ. ಆ ದಿನಗೋಳನ್ನ ಕ್ಯಾಲೆಂಡರಿನಾಗ ಮೊದಲ ಗುರುತು ಹಾಕ್ಕೋ. ರವಿವಾರ ಮಧ್ಯಾಹ್ನ ಫೀಸ್ಟ್ ಅಂತ ಎಲ್ಲಾರೂ ಒಮ್ಮೆಲೆ ಬರತಾರ, ಗದ್ದಲ ಭಾಳ. ರವಿವಾರ ರಾತ್ರಿ ಭಾಳ ಮೆಸ್ ಬಂದ್. ಮೊದಲ ರವಿವಾರ ಉಪವಾಸ ಬೀಳೋರು ಇದನ್ನ ಕೇಳದ ಹೋದವ್ರು.

ಅದಕ್ಕ ಕಪಾಟಿನಾಗ ಮೂರು ದಿನದ ಊಟ ಸದಾ ಇರಬೇಕು, ಒಲಿ ಹಚ್ಚದ ತಿನ್ನೂವಂಥಾದ್ದು. ಕೆಟಲ್, ಇಂಡಕ್ಷನ್ ಹಾಸ್ಟೆಲಿನಾಗ ಬಿಡೂದಿಲ್ಲ, ತಪಾಸಣಿ ಮಾಡಿ ಒಯ್ಯತಾರ. ಕಡಕ್ ರೊಟ್ಟಿ 20, ಶೇಂಗಾ ಹಿಂಡಿ ಕಾಲು ಕಿಲೊ, ತೆಳು ಅವಲಕ್ಕಿ ಅರ್ಧ ಕಿಲೊ, ಹುರಿಗಡಲಿ. ಮೊಸರು ಹೊರಗ ಪಾಕೀಟು ಸಿಗತೈತಿ, ಅವಲಕ್ಕಿಗೆ ಕಲಿಸಿದರ ಊಟ ಆತು. ಮಳಿಗಾಲದಾಗ ರೊಟ್ಟಿ ತೆರದಿಟ್ಟರ ಒಂದ ದಿನಕ್ಕ ಮೆತ್ತಗಾಗತೈತಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿನ ಬೇಕು, ಪ್ಲಾಸ್ಟಿಕ್ ಚೀಲಾ ಇಲಿಗೆ ಊಟ. ಧಾರವಾಡದಿಂದನ ಬರಬೇಕಂತ ಇಲ್ಲ, ಸೋಲಾಪುರದ ಕಡಕ್ ಭಾಕರಿ, ಶೇಂಗಾ ಚಟ್ನಿ ಪುಣೆ ಅಂಗಡಿಗೋಳಾಗ ಸಿಗತಾವ. ಆದರ ರುಚಿ ಸ್ವಲ್ಪ ಬ್ಯಾರೆ. ಹೋಗೂಕ್ಕಿಂತ ಮೊದಲ ಒಂದು ಪಾಕೀಟು ತರಿಸಿ ಮನ್ಯಾಗ ತಿಂದು ನೋಡು, ಅಲ್ಲಿ ಹೋಗಿ ಶೋಧಿಸೂದು ಬ್ಯಾಡ.

ಹಸಿವಿ ತಿಳಿಯೂದಿಲ್ಲ ಅಂದಿ. ಅಲಾರಂ ನಾಕು: 8, 12:30, 4:30, 7:30. ನೀರಿಂದೂ ಹಂಗ, ಒಂದು ಲೀಟರ್ ಬಾಟ್ಲಿ ಎರಡು; ಒಂದು ಮಧ್ಯಾಹ್ನದ ಊಟಕ್ಕ ಮೊದಲ ಖಾಲಿ, ಇನ್ನೊಂದು ರಾತ್ರಿ ಊಟಕ್ಕ ಮೊದಲ ಖಾಲಿ. ಹಸಿವಿ ಆಗೇತೋ ಇಲ್ಲೋ ಅಂತ ವಿಚಾರ ಮಾಡಬ್ಯಾಡ, ಗಂಟಿ ಆತು ಅಂದ್ರ ತಿನ್ನೂದು.

ಇನ್ನೊಂದು ದೊಡ್ಡದು, ಯಾರೂ ಹೇಳಿಲ್ಲ: ಗಣಪತಿ. ಶಿವಾಜಿನಗರದಾಗ ಇರಾಂವ ನೀನು. ಹಬ್ಬ ಹತ್ತು ದಿನ ಅಂತ ತಿಳೀಬ್ಯಾಡ, ಢೋಲ್-ತಾಶಾ ಪಥಕಗೋಳು (ವಾದ್ಯದ ತಂಡಗೋಳು) ಹಬ್ಬಕ್ಕ ವಾರಗಟ್ಟಲೆ ಮೊದಲ ದಿನಾ ಸಂಜೀಕ ನದೀ ದಂಡಿ, ಮೈದಾನದಾಗ ತಾಲೀಮು ಹೊಡೀತಾವ. ಢೋಲಿನ ಸದ್ದು ಎದಿಗೇ ಬಡೀತೈತಿ, ಅದಕ್ಕ ಇಯರ್‌ಪ್ಲಗ್ ಪೂರ್ತಿ ಸಾಲೂದಿಲ್ಲ. ಅನಂತ ಚತುರ್ದಶಿ ಮೆರವಣಿಗಿ ಲಕ್ಷ್ಮಿ ರಸ್ತೆ, ಟಿಳಕ ರಸ್ತೆ, ಕುಮಠೇಕರ ರಸ್ತೆ, ಕೇಳಕರ ರಸ್ತೆ ಹಿಡದು ಮರುದಿನದ ತನಕ ನಡೀತೈತಿ, ರಸ್ತೆ ಬಂದ್, ಬಸ್ ತಿರುಗಿಸಿರತಾರ. ಕೊನೀ ಎರಡು ಮೂರು ದಿನ ಊರಿಗೆ ಬಂದುಬಿಡು. ರೈಲ್ವೆ ಮುಂಗಡ ಬುಕಿಂಗ್ 60 ದಿನ ಮೊದಲ ತೆರೀತೈತಿ, ಆ ದಿನಾನ ಅಲಾರಂ ಇಟ್ಟು ಮಾಡು. ಹುಬ್ಬಳ್ಳಿ-ಪುಣೆ ವಂದೇ ಭಾರತ್ ಧಾರವಾಡದಾಗ ನಿಲ್ಲತೈತಿ, ಆದರ ದಿನಾ ಇಲ್ಲ, ವಾರ ನೋಡಿ ಬುಕ್ ಮಾಡು.

ಎರಡನೇ ಬೆಂಚು:

ಜೊತೆಗಿರುವವರಿಗೆ ಹೇಳಬೇಕೇ ಎಂದರೆ, ಆಟಿಸಂ ಎಂಬ ಪದವನ್ನು ಮೊದಲ ವಾರ ಹೇಳಬೇಡಿ ಎನ್ನುತ್ತೇನೆ. ಅಗತ್ಯಗಳನ್ನು ಮಾತ್ರ ಹೇಳಿ, ಗಡಿಯಾರದ ಲೆಕ್ಕದಲ್ಲಿ. "ನನಗೆ ಸದ್ದು ಆಗಲ್ಲ" ಎಂದರೆ ಅವರವರಿಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. "ರಾತ್ರಿ 11ರ ನಂತರ ಫೋನು ಇಯರ್‌ಫೋನಿನಲ್ಲಿ, ದೊಡ್ಡ ದೀಪ ಆರಿಸುವುದು, ಹೊರಗಿನ ಗೆಳೆಯರು 10ರವರೆಗೆ, ನನ್ನ ಮಂಚದ ಮೇಲೆ ಯಾರೂ ಕೂರುವುದು ಬೇಡ" ಎಂದರೆ ಅದು ಮೂವರಿಗೂ ಅನ್ವಯಿಸುವ ಕೋಣೆಯ ನಿಯಮವಾಗುತ್ತದೆ. ಮೊದಲ ಎರಡು ದಿನದಲ್ಲೇ ಆಗಬೇಕು, ರೂಢಿ ಕೂತ ಮೇಲೆ ಬದಲಿಸುವುದು ಜಗಳಕ್ಕೆ ದಾರಿ. ಅವರ ಎರಡು ನಿಯಮಗಳನ್ನೂ ಕೇಳಿ ಬರೆದುಕೊಳ್ಳಿ. ಕೋಣೆಯ ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿಡಿ.

ಮಾತು ನಿಂತಾಗ ತೋರಿಸಲು ಚೀಟಿ ಬೇಕು. ಇಂಗ್ಲಿಷಿನದು ಪ್ರಾಧ್ಯಾಪಕರಿಗಾಯಿತು, ವಾಚ್‌ಮನ್ ಮಾಮಾಗೆ, ಕಸ ಗುಡಿಸುವ ಮಾವಶಿಗೆ ಮರಾಠಿಯದೇ ಆಗಬೇಕು. ಸಾಲುಗಳು: "ಮೀ ಠೀಕ್ ಆಹೇ. ಮಲಾ ಆತ್ತಾ ಬೋಲತಾ ಯೇತ್ ನಾಹೀ. ಅರ್ಧಾ ತಾಸ್ ಶಾಂತ್ ಬಸೂ ದ್ಯಾ. ಹಾತ್ ಲಾವೂ ನಕಾ." ನಾನು ಚೆನ್ನಾಗಿದ್ದೇನೆ, ಈಗ ಮಾತಾಡಲು ಆಗುತ್ತಿಲ್ಲ, ಅರ್ಧ ಗಂಟೆ ಸುಮ್ಮನೆ ಕೂರಲು ಬಿಡಿ, ಮುಟ್ಟಬೇಡಿ ಎಂದರ್ಥ. ದೇವನಾಗರಿಯಲ್ಲಿ ದೊಡ್ಡದಾಗಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ, ಒಂದು ಪ್ಯಾಕೆಟ್ಟಿನಲ್ಲಿ, ಒಂದು ಗುರುತಿನ ಚೀಟಿಯ ಹಿಂದೆ. "ನಾನು ಚೆನ್ನಾಗಿದ್ದೇನೆ" ಎಂಬ ಮೊದಲ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಜನ ಗಾಬರಿಯಾಗಿ ನೀರು ಚಿಮುಕಿಸಿ, ಸುತ್ತ ಗುಂಪು ಕಟ್ಟುತ್ತಾರೆ, ಇದ್ದ ಗದ್ದಲ ಹತ್ತು ಪಟ್ಟಾಗುತ್ತದೆ.

ಕಾರಿಡಾರ್ ಕೊನೆ:

ಪದ ಹೇಳಬೇಡಿ ಎನ್ನುವುದಕ್ಕೆ ನನ್ನ ಒಪ್ಪಿಗೆ ಅರ್ಧ. ಕೋಣೆಯಲ್ಲಿ ಒಬ್ಬನಿಗಾದರೂ ಗೊತ್ತಿರಲಿ, ರಾತ್ರಿ ಎರಡು ಗಂಟೆಗೆ ಚೀಟಿ ಹುಡುಕುವ ಸ್ಥಿತಿ ಇರುವುದಿಲ್ಲ. ಅಲ್ಲದೆ ಇಯರ್‌ಪ್ಲಗ್ ಹಾಕಿ ಮಲಗುವವನನ್ನು ಬೆಂಕಿಯ ಗಂಟೆ ಹೊಡೆದಾಗ ಭುಜ ಅಲುಗಿಸಿ ಎಬ್ಬಿಸಬೇಕು ಎಂದು ಹೇಳಿಡಲೇಬೇಕು. "ಮುಟ್ಟಬೇಡಿ" ಎಂಬುದಕ್ಕೆ ಇದೊಂದು ಹೊರತು ಎಂದು ಸ್ಪಷ್ಟಪಡಿಸಿ. ಮರಾಠಿಯಲ್ಲಿ ಆಟಿಸಂಗೆ ಸ್ವಮಗ್ನತಾ ಎನ್ನುತ್ತಾರೆ, ನಮ್ಮಲ್ಲಿ ಸ್ವಲೀನತೆ ಎಂದ ಹಾಗೆ. ಆದರೆ ಆ ಪದ ಕೇಳಿ ಎಲ್ಲರಿಗೂ ಅರ್ಥವಾಗುತ್ತದೆ ಎಂದೇನಿಲ್ಲ. "ಮಲಾ ಗೋಂಗಾಟ್ ಸಹನ್ ಹೋತ್ ನಾಹೀ", ಗದ್ದಲ ತಡೆಯಲಾಗದು, ಎಂದರೆ ಮಾವಶಿಯೂ ಬಕೆಟ್ಟು ಮೆಲ್ಲಗೆ ಇಡುತ್ತಾಳೆ.

ಎರಡನೇ ಬೆಂಚು:

ಎಬ್ಬಿಸುವ ವಿಷಯ ಸರಿ, ಒಪ್ಪಿದೆ. ಉಳಿದಂತೆ ನನ್ನ ಮಾತು ಅದೇ: ಹೇಳಿದ ಪದವನ್ನು ವಾಪಸ್ ಪಡೆಯಲಾಗದು. ಆ ಒಬ್ಬ ಯಾರು ಎಂದು ಆರಿಸಲು ಎರಡು ವಾರ ತೆಗೆದುಕೊಳ್ಳಲಿ.

ಔಷಧಿ ತೆಗೆದುಕೊಳ್ಳುವವರಿಗೆ ಒಂದು ಸೂಚನೆ. ಆಟಿಸಂ ಜೊತೆ ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಯೂ ಇದ್ದು ಮೀಥೈಲ್‌ಫೆನಿಡೇಟ್ ಬರೆದಿದ್ದರೆ, ಅದು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ. ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್ ಅಂಗಡಿಯವರು ಇಡುವುದೂ ಇಲ್ಲ. ಪುಣೆಯ ಮನೋವೈದ್ಯರೊಬ್ಬರ ಅಪಾಯಿಂಟ್‌ಮೆಂಟನ್ನು ಮಾತ್ರೆ ಮುಗಿಯುವ ಮೂರು ವಾರ ಮೊದಲಿನ ದಿನಾಂಕಕ್ಕೆ ಈಗಲೇ ಹಿಡಿದಿಡಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ, ಅಂಗಡಿಯ ಬ್ರಾಂಡ್ ಊರಿಂದೂರಿಗೆ ಬದಲಾಗುತ್ತದೆ. ಯಾವ ಮನೋವೈದ್ಯಕೀಯ ಮಾತ್ರೆಯನ್ನೂ ಮುಗಿಯಿತೆಂದು ಥಟ್ಟನೆ ನಿಲ್ಲಿಸಬೇಡಿ, ವೈದ್ಯರಿಗೆ ಫೋನು ಮಾಡಿ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡ ಆರಿಸಿಕೊಳ್ಳಬಹುದು.

ಊರಲ್ಲೇ ಮಾಡಬೇಕಾದ ತಾಲೀಮು, ಆರು ವಾರ ಇದ್ದರೆ ಸಾಕು. ಒಂದೇ ಬಕೆಟ್ಟಿನಲ್ಲಿ, ಹತ್ತು ನಿಮಿಷದಲ್ಲಿ, ಮೊಳೆ ಇಲ್ಲದ ಬಚ್ಚಲಲ್ಲಿ ಸ್ನಾನ. ಬಟ್ಟೆ, ಸೋಪು, ಟವಲು ಎಲ್ಲ ಕುತ್ತಿಗೆಗೆ ತೂಗುವ ನೀರು ತಾಗದ ಚೀಲದಲ್ಲಿ. ಹಾಸ್ಟೆಲಿನಲ್ಲಿ ಬಿಸಿನೀರಿಗೆ ನಿಗದಿ ಸಮಯ ಇರುತ್ತದೆ, ಅದನ್ನು ಕೇಳಿಕೊಂಡು ತೆರೆದ ಮೊದಲ ಅರ್ಧ ಗಂಟೆಯನ್ನು ಆರಿಸಿ. ಏಳೂವರೆಯಿಂದ ಎಂಟೂವರೆ ಜಾತ್ರೆ. ದಪ್ಪ ಟರ್ಕಿ ಟವಲು ಮಳೆಗಾಲದಲ್ಲಿ ಒಣಗದು, ತೆಳು ಹತ್ತಿಯದು ಮೂರು ಒಯ್ಯಿರಿ. ಒಳಉಡುಪು ಹತ್ತು ಜೊತೆ, ಏಕೆಂದರೆ ಜುಲೈನಲ್ಲಿ ಒಗೆದದ್ದು ಒಣಗಲು ಮೂರು ದಿನ ಬೇಕಾಗಬಹುದು. ಕಪಾಟಿಗೆ ನುಸಿಗುಳಿಗೆ ಬೇಡ, ಆ ವಾಸನೆ ಬಟ್ಟೆ ಬಿಡುವುದಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿ. ವಾರಕ್ಕೆರಡು ದಿನ ಧಾರವಾಡದ ಯಾವುದಾದರೂ ಖಾನಾವಳಿಯಲ್ಲಿ ಪ್ಲಗ್ ಹಾಕಿಕೊಂಡು ಪೂರ್ತಿ ಊಟ ಮಾಡಿ, ಮೊದಲು 3 ಗಂಟೆಯ ಖಾಲಿ ಹೊತ್ತಿಗೆ, ಆಮೇಲೆ 1 ಗಂಟೆಯ ಗದ್ದಲಕ್ಕೆ.

ಸಾಧ್ಯವಾದರೆ ಹಾಸ್ಟೆಲಿಗೆ ಒಮ್ಮೆ ಮುಂಚೆಯೇ ಹೋಗಿ ಬನ್ನಿ, ಊಟದ ಹೊತ್ತಿಗೆ. ಗೇಟಿನಿಂದ ಕೋಣೆಗೆ, ಕೋಣೆಯಿಂದ ಬಚ್ಚಲಿಗೆ, ಮೆಸ್ಸಿಗೆ, ತರಗತಿಗೆ ನಡೆಯುತ್ತಾ ವಿಡಿಯೊ ಮಾಡಿ. ಗದ್ದಲ ಹೆಚ್ಚಾದರೆ ಹೋಗಿ ಕೂರಲು ಕೋಣೆಯಲ್ಲದ ಇನ್ನೊಂದು ಜಾಗ ಗುರುತು ಮಾಡಿ: ಗ್ರಂಥಾಲಯದ ಹಿಂದಿನ ಸಾಲು, ಮಧ್ಯಾಹ್ನ ಖಾಲಿ ಇರುವ ತರಗತಿ.

ಕಿಟಕಿಪಕ್ಕದವ:

ಪತ್ರ ಬರೆದೆ, ಐದೇ ಬೇಡಿಕೆ. ಒಂದು ಉಳಿದಿದೆ. ಅಮ್ಮ ದಿನಕ್ಕೆ ಮೂರು ಸಲ ಫೋನು ಮಾಡುತ್ತೇನೆ ಅನ್ನುತ್ತಾರೆ. ನನಗೆ ಫೋನಿನ ಮಾತು ಆಯಾಸ. ತೆಗೆಯದಿದ್ದರೆ ಅವರಿಗೆ ಗಾಬರಿ.

ಎರಡನೇ ಬೆಂಚು:

ಊರಲ್ಲೇ ಒಪ್ಪಂದ ಮಾಡಿಕೊಳ್ಳಿ. ಬೆಳಗ್ಗೆ 9ಕ್ಕೆ ಒಂದು ಚುಕ್ಕಿ, ರಾತ್ರಿ 9ಕ್ಕೆ "ಊಟ ಆಯ್ತು" ಎಂದು ಸಿದ್ಧ ಮೆಸೇಜು, ಅದಕ್ಕೆ ಅಲಾರಂ. ರಾತ್ರಿಯದು 10ರವರೆಗೂ ಬರದಿದ್ದರೆ ಅಮ್ಮ ಒಂದು ಸಲ ಮೆಸೇಜು ಮಾಡುವುದು. 10:30ಕ್ಕೂ ಇಲ್ಲವೆಂದರೆ ರೆಕ್ಟರಿಗೆ ಫೋನು, ನಿಮಗಲ್ಲ. ಮಾತು ರವಿವಾರ ಬೆಳಗ್ಗೆ 11ಕ್ಕೆ, ಇಪ್ಪತ್ತು ನಿಮಿಷ. ಮಾತಾಡಲಾಗದ ದಿನಕ್ಕೆ ಬೇರೆ ಗುರುತು ಇಟ್ಟುಕೊಳ್ಳಿ, ಉದಾಹರಣೆಗೆ ಎರಡು ಚುಕ್ಕಿ: "ಇದ್ದೇನೆ, ಇವತ್ತು ಬೇಡ." ಈ ವಾರವೇ ಶುರು ಮಾಡಿ, ಅಮ್ಮ ಅಡುಗೆಮನೆಯಲ್ಲಿ, ನೀವು ಅಟ್ಟದ ಮೇಲೆ. ಹದಿನೈದು ದಿನ ನಡೆದರೆ ಅವರಿಗೂ ರೂಢಿಯಾಗುತ್ತದೆ.

ಕಡಕ್ ರೊಟ್ಟಿ:

ಅವ್ವಗ ಬರೇ ಚುಕ್ಕಿ ಕಳಿಸಿದರ ಹೊಟ್ಟಿ ತುಂಬೂದಿಲ್ಲ ತಮ್ಮಾ. ತಾಟಿನ ಫೋಟೊ ಕಳಿಸು. ಮಾತೂ ಬ್ಯಾಡ, ಊಟ ಮಾಡೀ ಅಂತ ಸಾಕ್ಷಿನೂ ಆತು.

ಕಿಟಕಿಪಕ್ಕದವ:

ತಾಟಿನ ಫೋಟೊಗೆ ಅಮ್ಮ ಒಪ್ಪಿದರು. ಖಾಲಿ ತಾಟಿನದೂ ಬೇಕಂತೆ.